ಮಾವಿನ ಚೀಟಿಯಲ್ಲಿ ಟೊಮೆಟೊ

ನಾನು ಹೇಳಬೇಕಾಗಿದ್ದುದು ಒಂದೇ ಒಂದು ವಾಕ್ಯ: ಇದು ನಮ್ಮಣ್ಣನ ತಪ್ಪಲ್ಲ, ನನ್ನದು. ಹೇಳಬೇಕಾದ ದಿನ, ಹೇಳಬೇಕಾದವರ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಅವರು ಸಿಟ್ಟಿನಲ್ಲೂ ಇರಲಿಲ್ಲ, ನಗುತ್ತಿದ್ದರು. ಆದರೂ ಹೇಳಲಿಲ್ಲ. ಲೋಟದ ಟೀ ಮುಗಿದಿತ್ತು. ಖಾಲಿ ಲೋಟವನ್ನೇ ಇನ್ನೊಂದು ಸಲ ಬಾಯಿಗಿಟ್ಟುಕೊಂಡೆ.

ಅದು ಹೇಗಾಯಿತೆಂದು ಮೊದಲಿಂದ ಬರೆಯುತ್ತೇನೆ.

ನಾನು ಕೆಲಸ ಮಾಡುವುದು ರೈತರಿಂದ ಹಣ್ಣು ತರಕಾರಿ ಕೊಂಡು ಶೈತ್ಯಾಗಾರಕ್ಕೆ ಕಳಿಸುವ ಒಂದು ಸಂಸ್ಥೆಯಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಕಡೆ ತೂಕದ ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲೂ ಒಂದು ಸರ್ವರ್ ಪೆಟ್ಟಿಗೆ, ಅದರೊಳಗೆ ಎರಡು ವರ್ಚುವಲ್ ಮಿಷನ್. ಒಂದು ಗೇಟಿನ ಲೆಕ್ಕಕ್ಕೆ, ಇನ್ನೊಂದು ತೂಕಕ್ಕೆ. ವರ್ಚುವಲ್ ಮಿಷನ್ ಎಂದರೆ ಮುಟ್ಟಲು ಸಿಗದ ಕಂಪ್ಯೂಟರ್. ಪೆಟ್ಟಿಗೆ ಒಂದೇ ಆದರೂ ಒಳಗಿರುವ ಎರಡೂ ತಾವು ಬೇರೆ ಬೇರೆ ಎಂದು ನಂಬಿಕೊಂಡು ದುಡಿಯುತ್ತವೆ. ಬೇಕಾದರೆ ಒಂದನ್ನು ಇಡಿಯಾಗಿ ನಕಲು ಮಾಡಿ, ಡಿಸ್ಕಿಗೆ ತುಂಬಿಕೊಂಡು ಬಸ್ಸಿನಲ್ಲಿ ಒಯ್ಯಬಹುದು. ನಾನು ಹಾಗೆ ಒಯ್ದಿದ್ದೇನೆ, ಈ ಕಥೆ ಶುರುವಾಗುವುದೇ ಅಲ್ಲಿಂದ.

ನಾನು ಓದಿದ್ದು ಹತ್ತನೆಯ ತರಗತಿ. ಕೋಲಾರದ ಕಚೇರಿಯ ಸರ್ವರ್ ಕೋಣೆಯಲ್ಲಿ ನನ್ನ ಬಳಿ ಇರುವ ವಿದ್ಯೆಯೆಲ್ಲ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿದೆ. ಮೊದಲು ಈ ವ್ಯವಸ್ಥೆಯನ್ನು ಕೂರಿಸಿದ ಇಂಜಿನಿಯರ್ ಒಂದೊಂದೇ ಹಂತ ಹೇಳುತ್ತಾ ಹೋದ, ನಾನು ಕನ್ನಡದಲ್ಲಿ ಬರೆದುಕೊಂಡೆ. ಅರ್ಥವಾದದ್ದರ ಪಕ್ಕ ಏನೂ ಇಲ್ಲ. ಅರ್ಥವಾಗದೆ ಬರೆದುಕೊಂಡದ್ದರ ಪಕ್ಕ ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಅವನು ಹೋದ ಮೇಲೆ ಆ ಚಿಹ್ನೆಗಳನ್ನು ಯಾರನ್ನಾದರೂ ಕೇಳಿ ಅಳಿಸಬೇಕಿತ್ತು. ಸುತ್ತ ಇದ್ದವರೆಲ್ಲ ಡಿಗ್ರಿಯವರು, ಕೇಳಿದರೆ ನನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ ಎಂದು ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಶ್ರೀನಿವಾಸಪುರದ ತೂಕದ ಮಿಷನ್ ಕೆಟ್ಟು ನಿಂತಿತು. ಮುಳಬಾಗಿಲಿನದು ಸರಿಯಾಗಿತ್ತು. ಅದನ್ನು ನಕಲು ಮಾಡಿ, ಹೆಸರನ್ನೂ ನೆಟ್‌ವರ್ಕ್ ವಿಳಾಸವನ್ನೂ ಬದಲಿಸಿ ಶ್ರೀನಿವಾಸಪುರದಲ್ಲಿ ಕೂರಿಸುವುದೆಂದು ಯೋಚಿಸಿದೆ. ಅಲ್ಲಿಯ ಇಂಟರ್‌ನೆಟ್ ಲೈನು ಎಳೆ ದಾರದಂತಿದೆ, ಅಷ್ಟು ದೊಡ್ಡ ಕಡತ ಅದರಲ್ಲಿ ಸಾಗುವುದಿಲ್ಲ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗಿಟ್ಟು ಬಸ್ ಹತ್ತಿದೆ.

ಬಸ್ ಸ್ಟ್ಯಾಂಡಿನಲ್ಲಿ ನಮ್ಮಣ್ಣ ಕಾಯುತ್ತಿದ್ದ. ಅವನು ಅದೇ ಕೇಂದ್ರದ ತೂಕದ ಆಪರೇಟರ್. ಏಳನೆಯ ತರಗತಿಯವನು. ಆರು ಮಾವಿನ ಸುಗ್ಗಿಗಳನ್ನು ಆ ಮೇಜಿನ ಮುಂದೆ ಕೂತು ಕಳೆದವನು. ಗೌನಿಪಲ್ಲಿ ಕಡೆಯ ತೋಟದವರು ಟ್ರ್ಯಾಕ್ಟರ್ ನಿಲ್ಲಿಸಿದರೆ ಮೊದಲು ಅವನು ಕೂತಿದ್ದಾನೆಯೇ ಎಂದು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು.

"ಏನೇ ಇದು, ಟವಲ್ಲಲ್ಲಿ? ಮಗು ತಂದಂಗೆ ತಂದಿದೀಯ!" ಎಂದ.

"ನಿಮ್ ಮಿಷನ್ನು. ಬೀಳಿಸ್ಬೇಡ."

ಇಬ್ಬರೂ ಸೇರಿ ಕೂರಿಸಿದೆವು. ಅವನು ವೈರು ಹಿಡಿದುಕೊಂಡ, ನಾನು ನೋಟ್‌ಬುಕ್ ನೋಡಿಕೊಂಡು ಒಂದೊಂದೇ ಹಂತ ಮುಗಿಸಿದೆ. ಹದಿನಾಲ್ಕನೆಯ ಹಂತದಲ್ಲಿ ಹೀಗಿತ್ತು: "ನಕಲು ಮಾಡಿದ ಮೇಲೆ ಏಜೆಂಟಿನ ಗುರುತು ಅಳಿಸಿ ಹೊಸದು ಮಾಡು." ಪಕ್ಕದಲ್ಲಿ ನನ್ನ ಪ್ರಶ್ನಾರ್ಥಕ ಚಿಹ್ನೆ. ಅಷ್ಟರಲ್ಲಿ ತೆರೆಯ ಮೇಲೆ ತೂಕ ಬಂದಿತ್ತು, ಚೀಟಿ ಅಚ್ಚಾಗಿತ್ತು. ಅರ್ಥವಾಗದ್ದನ್ನು ಮುಟ್ಟಿ ಕೆಡಿಸುವುದೇಕೆ ಎಂದು ಬಿಟ್ಟೆ.

"ಇಂಜಿನಿಯರಮ್ಮ ಕಣೇ ನೀನು," ಎಂದು ಅಣ್ಣ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹದಿನಾಲ್ಕರ ಮುಂದೆಯೂ ಟಿಕ್ ಹಾಕಿ ನೋಟ್‌ಬುಕ್ ಮುಚ್ಚಿದೆ.

ಮಾವು ಬರಲು ಶುರುವಾದಾಗ ಶ್ರೀನಿವಾಸಪುರದಿಂದ ವಿಚಿತ್ರ ದೂರು ಬಂತು. ಮಾವು ತೂಗಿದರೆ ಚೀಟಿಯಲ್ಲಿ ಟೊಮೆಟೊ ಎಂದು ಅಚ್ಚಾಗುತ್ತಿತ್ತು. ದಿನವೂ ಅಲ್ಲ. ಒಂದು ದಿನ ಬಂದರೆ ಮೂರು ದಿನ ಇಲ್ಲ. ಹೆಸರಷ್ಟೇ ತಪ್ಪಿದ್ದರೆ ನಗಬಹುದಿತ್ತು. ಪ್ರತಿ ಬೆಳೆಗೂ ಖಾಲಿ ಕ್ರೇಟಿನ ತೂಕ ಬೇರೆ, ಅದನ್ನು ಮಿಷನ್ನೇ ಕಳೆಯುತ್ತದೆ. ಟೊಮೆಟೊ ಎಂದು ಬಂದರೆ ಮಾವಿನ ತೂಕವೂ ತಪ್ಪು. ಅಣ್ಣ ಅಂಥ ಚೀಟಿಯನ್ನು ಪೆನ್ನಿನಿಂದ ತಿದ್ದಿ ಸಹಿ ಹಾಕಿ ಕೊಡುತ್ತಿದ್ದ.

ಒಮ್ಮೆ ನಾನು ಫೋನಿನಲ್ಲಿದ್ದಾಗಲೇ ಕಿಟಕಿಯ ಬಳಿ ಒಬ್ಬ ಅಜ್ಜಿಯ ದನಿ ಕೇಳಿತು. "ಏಂ ನಾಯ್ನಾ, ತೋಟಲೋ ಮಾಮಿಡಿಕಾಯ, ನೀ ದಗ್ಗರಿಕಿ ವಸ್ತೇ ಟಮಾಟನಾ?" ತೋಟದಲ್ಲಿ ಮಾವು, ನಿನ್ನ ಹತ್ತಿರ ಬಂದರೆ ಟೊಮೆಟೊನಾ ಎಂದು ತೆಲುಗಿನಲ್ಲಿ.

"ಅಮ್ಮಾ, ನೀ ಮಾಮಿಡಿಕಾಯ ಸಿಗ್ಗು ಪಡಿ ಎರ್ರಗಾ ಅಯಿಂದಿ," ಎಂದ ಅಣ್ಣ. ನಿನ್ನ ಮಾವು ನಾಚಿಕೊಂಡು ಕೆಂಪಾಗಿದೆಯಮ್ಮ ಎಂದು. ಅಜ್ಜಿ ನಕ್ಕಳು. ಅವಳ ಹಿಂದೆ ನಿಂತಿದ್ದವರು ನಗಲಿಲ್ಲ.

ನಾನು ಕೋಲಾರದಿಂದಲೇ ಆ ಮಿಷನ್ನಿನೊಳಗೆ ಹೋಗಿ ನೋಡಿದೆ. ಎಲ್ಲ ಸರಿಯಿತ್ತು. ಆಗ ಅಣ್ಣ ಫೋನಿನಲ್ಲಿ ಒಂದು ಮಾತು ಹೇಳಿದ.

"ನಾನು ಬರೆದಿಟ್ಟಿದೀನಿ ಕಣೇ. ಮುಳಬಾಗ್ಲೋರು ದಿನಾ ಊಟಕ್ಕೆ ಹೊರಡೋವಾಗ ನಂಗೆ ಫೋನ್ ಮಾಡ್ತಾರಲ್ಲ, ಅವರು ಊಟಕ್ಕೆ ಹೋದ್ಮೇಲೆ ನಮ್ ಮಿಷನ್ನು ಸರಿಯಾಗಿರತ್ತೆ. ಬೆಳಿಗ್ಗೆ ಕರೆಂಟ್ ಹೋಗಿ ಬಂದ್ರೆ ಟಮೋಟ. ಮಧ್ಯಾಹ್ನ ಹೋಗಿ ಬಂದ್ರೆ ಮಾವು."

"ಮುಳಬಾಗಿಲಿನೋರ ಊಟಕ್ಕೂ ನಿನ್ ಮಿಷನ್ನಿಗೂ ಏನೋ ಸಂಬಂಧ? ಅವರು ಸಾರು ಜಾಸ್ತಿ ಹಾಕ್ಕೊಂಡ್ರೆ ನಿನಗೆ ತೇಗು ಬರತ್ತಾ?"

ಪಕ್ಕದಲ್ಲಿದ್ದವರಿಗೂ ಹೇಳಿದೆ. ಕಚೇರಿಯಲ್ಲಿ ಒಂದು ವಾರ ಆ ಜೋಕು ಓಡಾಡಿತು. ನಮ್ಮ ವಿಭಾಗದ ಮುಖ್ಯಸ್ಥರ ಕಿವಿಗೂ ಬಿತ್ತು. ಅವರು ನಗಲಿಲ್ಲ. "ಅವರಿಗೆ ಗಾಬರಿ. ಏನೋ ಒತ್ತುತಾರೆ, ಆಮೇಲೆ ಕಥೆ ಕಟ್ಟುತಾರೆ," ಎಂದರು. ಪೆನ್ನಿನಿಂದ ತಿದ್ದಿದ ಚೀಟಿಗಳು ಹೆಚ್ಚಾದ ಮೇಲೆ ಒಂದು ಶನಿವಾರ ಅಣ್ಣನನ್ನು ಮೇಜಿನಿಂದ ಎಬ್ಬಿಸಿ ಅಂಗಳದಲ್ಲಿ ಕ್ರೇಟ್ ಇಳಿಸುವ ಕೆಲಸಕ್ಕೆ ಹಾಕಿದರು. ಸೋಮವಾರದಿಂದ ಬದಲಿ ಆಪರೇಟರ್ ಬರುವುದೆಂದಾಯಿತು. ತಿಂಗಳ ಕೊನೆಗೆ ಆ ಮೇಜಿನ ಕಾಯಂ ಆಪರೇಟರ್ ಯಾರೆಂದು ಪಟ್ಟಿ ಹೋಗಬೇಕಿತ್ತು. ಅಲ್ಲಿ ಅಣ್ಣನ ಹೆಸರಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅದೇ ವಾರ ತೂಕದ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ನಾಲ್ಕೂ ಕೇಂದ್ರಗಳಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತೋತಾಪುರಿ ಮಾವಿನ ಲೋಡು ಶುರುವಾಗುವುದರೊಳಗೆ ಮುಗಿಯಬೇಕು. ಕೋಲಾರದ ಸರ್ವರಿನಿಂದ ಹೊಸ ಪ್ಯಾಕೇಜ್ ಹೊರಡುತ್ತದೆ. ಪ್ರತಿ ಮಿಷನ್ನಿನೊಳಗೆ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ಕೂತಿರುತ್ತದೆ, ಅದು ಪ್ಯಾಕೇಜನ್ನು ಇಳಿಸಿಕೊಂಡು ತಾನೇ ಹಾಕಿಕೊಳ್ಳುತ್ತದೆ. ಹಾಕುವ ಮೊದಲು ಮಿಷನ್ ಈಗ ಹೇಗಿದೆಯೋ ಹಾಗೆಯೇ ಒಂದು ಸ್ನ್ಯಾಪ್‌ಶಾಟ್ ಹಿಡಿದಿಡಬೇಕು. ಎಡವಟ್ಟಾದರೆ ಆ ಕ್ಷಣಕ್ಕೆ ಹಿಂತಿರುಗಬಹುದು. ಸೋಮವಾರ ಕೋಲಾರ, ಮಂಗಳವಾರ ಮಾಲೂರು, ಬುಧವಾರ ಮುಳಬಾಗಿಲು, ಗುರುವಾರ ಶ್ರೀನಿವಾಸಪುರ. ಲೋಡು ಕಡಿಮೆ ಇರುವ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ.

ಕೋಲಾರದ್ದು ಸುಸೂತ್ರವಾಗಿ ಮುಗಿಯಿತು. ಮಾಲೂರಿನಲ್ಲಿ ಮೊದಲ ಪೆಟ್ಟು ಬಿತ್ತು. ಅಲ್ಲಿಯ ಆಪರೇಟರ್ ಶಿವಾರಪಟ್ಟಣದವನು, ಮನೆಯವರೆಲ್ಲ ಕಲ್ಲು ಕೆತ್ತುವವರು. "ಮೇಡಂ, ಪ್ರಿಂಟರ್ ಬರೀ ಸದ್ದು ಮಾಡ್ತಿದೆ, ಚೀಟಿ ಹೆರ್ತಿಲ್ಲ," ಎಂದ. ಸ್ನ್ಯಾಪ್‌ಶಾಟಿಗೆ ಹಿಂತಿರುಗಿಸಿದೆ, ಪ್ರಿಂಟ್ ಬಂತು. ಮತ್ತೆ ಹೊಸದು ಹಾಕಿದೆ, ನಿಂತಿತು. ಒಂದು ಗಂಟೆ ತಡಕಾಡಿದ ಮೇಲೆ ಹೊಳೆಯಿತು. ಪ್ರಿಂಟರಿನ ವೈರು ಇರುವುದು ಹೊರಗಿನ ಪೆಟ್ಟಿಗೆಗೆ, ಅದು ಆ ವೈರನ್ನು ಒಳಗಿನ ಮಿಷನ್ನಿಗೆ ದಾಟಿಸಬೇಕು. ಮಾಲೂರಿನಲ್ಲಿ ಮಾತ್ರ ಕೂರಿಸಿದವರು ದಾಟಿಸಿದ್ದನ್ನು ಕಾಯಂ ಮಾಡಿರಲಿಲ್ಲ, ಹೊಸ ಆವೃತ್ತಿ ಹಾಕುವಾಗ ಮಿಷನ್ ಪೂರ್ತಿ ಆರಿ ಎದ್ದಾಗ ಅದು ಕಳಚಿತ್ತು. ಮತ್ತೆ ದಾಟಿಸಿದ ಕೂಡಲೇ ಚೀಟಿ ಬಂತು. ಕೆಲಸ ಮುಗಿಸಿದ ಮೇಲೆ ತುಂಬಬೇಕಾದ ನಮೂನೆಯಲ್ಲಿ "ಮೂಲ ಕಾರಣ" ಎಂಬ ಒಂದು ಸಾಲಿದೆ. ಆ ದಿನ ಅದನ್ನು ಸಂತೋಷದಿಂದ ತುಂಬಿದೆ. ತಪ್ಪು ನನ್ನದಾಗಿರಲಿಲ್ಲವಲ್ಲ.

ಬುಧವಾರ ಎರಡು ಗಂಟೆಗೆ ಮುಳಬಾಗಿಲಿನ ಮಿಷನ್, ಎಲ್ಲ ಮಿಷನ್ನುಗಳ ಪಟ್ಟಿ ತೋರಿಸುವ ನನ್ನ ಕನ್ಸೋಲಿನಲ್ಲಿ ಸಿಗಲಿಲ್ಲ. ಅಲ್ಲಿಯ ಆಪರೇಟರಿಗೆ ಫೋನ್ ಮಾಡಿದೆ. ಐವತ್ತು ದಾಟಿದ ಮನುಷ್ಯ, ಮೊದಲು ಮಂಡಿಯಲ್ಲಿದ್ದವರು.

"ಮಿಷನ್ ಆಫಾಗಿದೆಯಲ್ಲಾ?"

"ಹೂಂ ಮೇಡಂ, ಆಫ್ ಮಾಡಿದೀನಿ. ಟಮೋಟ ಹನ್ನೊಂದೂವರೆಗೆ ಮುಗೀತದೆ. ಬೋಣಿ ಆದ್ಮೇಲೆ, ವ್ಯಾಪಾರ ಮುಗಿದ್ಮೇಲೆ, ತಕ್ಕಡಿ ಕೆಳಗಿಳಿಸಿ ಕಣ್ಣಿಗೊತ್ಕೊಂಡು ಇಡೋದು ನಮ್ ಪದ್ಧತಿ. ಖಾಲಿ ತಕ್ಕಡಿ ತೂಗಾಡಬಾರದು. ಇಲ್ಲಿ ತಕ್ಕಡಿ ಇಲ್ವಲ್ಲ, ಅದಕ್ಕೆ ಮೇನ್ ಆಫ್ ಮಾಡಿ ಪೆಟ್ಟಿಗೆಗೆ ನಮಸ್ಕಾರ ಹಾಕಿ ಊಟಕ್ಕೆ ಹೋಗ್ತೀನಿ."

"ದಿನಾನಾ?"

"ದಿನಾ. ಬೆಳಗಿನ ಜಾವ ಮತ್ತೆ ಆನ್."

ಸರ್ವರನ್ನು ಹಾಗೆ ಆರಿಸಬಾರದೆಂದು ಹೇಳಲು ಬಾಯಿ ತೆರೆದವಳು, ಮೊದಲು ಕೆಲಸ ಮುಗಿಯಲಿ ಎಂದು, ಆನ್ ಮಾಡಿ ಎಂದೆ. ಎರಡು ನಿಮಿಷ ಕಳೆಯಿತು.

"ಆಯ್ತಾ?"

"ಒಂದ್ ನಿಮಿಷ ಇರಿ ಮೇಡಂ. ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಬೇಕು. ಮೊದಲ್ನೇ ಸಲ ಯಾವಾಗ್ಲೂ ಮಾವಿನಕಾಯಿ ಬರತ್ತೆ. ಎರಡನೇ ಸಲ ಟಮೋಟ."

"ಏನು ಬರತ್ತೆ?"

"ಮಾವಿನಕಾಯಿ. ತೆರೆ ಮೇಲೆ ಬರ್ದಿರತ್ತಲ್ಲ. ನಿಮ್ದು ಹಂಗೇ ಅಲ್ವಾ ಇರೋದು? ಗಾಡಿ ಚಳೀಲಿ ಮೊದಲ್ನೇ ಕಿಕ್ಕಿಗೆ ಎಲ್ಲಿ ಸ್ಟಾರ್ಟ್ ಆಗತ್ತೆ, ಇದೂ ಹಂಗೇ ಅಂದ್ಕೊಂಡೆ."

ಪ್ಯಾಕೇಜು ಗೀಕೇಜು ಎಲ್ಲ ಮರೆತೆ. ಟೊಮೆಟೊ ತೂಗುವ ಮುಳಬಾಗಿಲಿನಲ್ಲಿ ಮಾವು, ಮಾವು ತೂಗುವ ಶ್ರೀನಿವಾಸಪುರದಲ್ಲಿ ಟೊಮೆಟೊ. ಎರಡು ಮಿಷನ್ನುಗಳೂ ಒಂದರ ಸೆಟ್ಟಿಂಗನ್ನು ಇನ್ನೊಂದು ಹಾಕಿಕೊಳ್ಳುತ್ತಿವೆ. ಮಕ್ಕಳು ಶಾಲೆಯಿಂದ ಬರುವಾಗ ಚಪ್ಪಲಿ ಅದಲುಬದಲು ಮಾಡಿಕೊಂಡ ಹಾಗೆ. ಯಾಕೆ? ಈ ಎರಡೇ ಯಾಕೆ? ಅಂಥ ಕುತೂಹಲ ನನಗೆ ಯಾವ ಸಿನಿಮಾ ನೋಡುವಾಗಲೂ ಆಗಿಲ್ಲ.

ಕನ್ಸೋಲಿನ ಪಟ್ಟಿಯನ್ನು ಎಣಿಸಿದೆ. ನಾಲ್ಕು ಕೇಂದ್ರ, ಎಂಟು ಮಿಷನ್. ಪಟ್ಟಿಯಲ್ಲಿದ್ದದ್ದು ಏಳು ಸಾಲು. ಏಳೇ ಇರುವುದನ್ನು ಎಷ್ಟೋ ತಿಂಗಳಿಂದ ನೋಡಿದ್ದೆ, ಶ್ರೀನಿವಾಸಪುರದ ಲೈನು ಹೋಗಿ ಬಂದು ಮಾಡುತ್ತದೆ, ಅದಕ್ಕೇ ಇರಬೇಕು ಎಂದುಕೊಳ್ಳುತ್ತಿದ್ದೆ. ಈಗ ಮುಳಬಾಗಿಲಿನವರಿಗೆ ಮಿಷನ್ ಆರಿಸಿ ಸುಮ್ಮನಿರಲು ಹೇಳಿ, ಅವರ ತೂಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಏಜೆಂಟುಗಳು ಕಾಲು ಗಂಟೆಗೊಮ್ಮೆ ಸರ್ವರಿಗೆ ತಮ್ಮ ಹೆಸರು ಹೇಳುತ್ತವೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ನನ್ನ ಬೆರಳಿನ ಕೆಳಗೇ ಆ ಸಾಲು ಹೆಸರು ಬದಲಿಸಿತು. ಮುಳಬಾಗಿಲು ಎಂದಿದ್ದುದು ಶ್ರೀನಿವಾಸಪುರ ಎಂದಾಯಿತು. ಸಾಲು ಅದೇ.

ಮುಳಬಾಗಿಲಿನವರಿಗೆ ಆನ್ ಮಾಡಲು ಹೇಳಿದೆ. ಆ ಸಾಲು ಮತ್ತೆ ಮುಳಬಾಗಿಲಾಯಿತು.

ಏಜೆಂಟಿನ ಗುರುತು ಎಂದರೆ ಅಂಕಿ ಅಕ್ಷರ ಕಲಸಿದ ಉದ್ದದ ಒಂದು ಸಾಲು. ಎರಡೂ ಮಿಷನ್ನುಗಳೊಳಗೆ ಹೋಗಿ ಅದನ್ನು ಹುಡುಕಿ, ಕಾಗದದ ಮೇಲೆ ಒಂದರ ಕೆಳಗೊಂದು ಬರೆದು, ಅಕ್ಷರ ಅಕ್ಷರಕ್ಕೂ ಪೆನ್ನಿನಿಂದ ಗೆರೆ ಎಳೆದು ಹೋಲಿಸಿದೆ. ಎಲ್ಲೂ ವ್ಯತ್ಯಾಸವಿರಲಿಲ್ಲ. ಒಂದೇ ರೇಷನ್ ಕಾರ್ಡಿನ ಮೇಲೆ ಎರಡು ಮನೆಗಳು ದಿನಸಿ ತರುತ್ತಿದ್ದವು. ಮಿಷನ್ ಎದ್ದ ಕೂಡಲೇ ಮೊದಲು ಯಾವ ಬೆಳೆ ಎಂಬ ಸೆಟ್ಟಿಂಗನ್ನು ಕೋಲಾರದ ಸರ್ವರಿನಿಂದ ಕೇಳುತ್ತದೆ, ಆಮೇಲೆ ತನ್ನ ಹೆಸರು ಹೇಳುತ್ತದೆ. ಕೇಳುವಾಗ ಸರ್ವರಿನ ಕಾರ್ಡಿನಲ್ಲಿ ಕೊನೆಗೆ ಯಾರ ಹೆಸರು ಬರೆದಿತ್ತೋ ಅವರ ಸೆಟ್ಟಿಂಗ್ ಸಿಗುತ್ತದೆ. ಮುಳಬಾಗಿಲಿನವರು ಎರಡು ಸಲ ಆನ್ ಮಾಡುತ್ತಿದ್ದರು, ಮೊದಲ ಸಲ ಹೆಸರು ಹೇಳಿಯಾಗಿರುತ್ತಿತ್ತು, ಎರಡನೆಯ ಸಲ ಸರಿಯಾದದ್ದು ಸಿಗುತ್ತಿತ್ತು. ಶ್ರೀನಿವಾಸಪುರದ ಮಿಷನ್ ಹಗಲೂ ಇರುಳೂ ಆನ್. ಬೆಳಿಗ್ಗೆ ಕರೆಂಟ್ ಹೋಗಿ ಅದು ಆರಿ ಎದ್ದರೆ, ಅಷ್ಟರಲ್ಲಿ ಮುಳಬಾಗಿಲಿನದು ತನ್ನ ಹೆಸರು ಬರೆಸಿರುತ್ತಿತ್ತು. ಟೊಮೆಟೊ. ಮಧ್ಯಾಹ್ನ ಮುಳಬಾಗಿಲಿನವರು ಮೇನ್ ಆರಿಸಿ ಊಟಕ್ಕೆ ಹೋದ ಮೇಲೆ ಕಾರ್ಡಿನಲ್ಲಿ ಶ್ರೀನಿವಾಸಪುರ ಒಂದೇ. ಮಾವು.

ಅಣ್ಣ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ನೋಟ್‌ಬುಕ್ ತೆಗೆದು ಹದಿನಾಲ್ಕನೆಯ ಹಂತ ಓದಿದೆ. ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ನನ್ನದೇ ಟಿಕ್. ಶ್ರೀನಿವಾಸಪುರದ ಏಜೆಂಟನ್ನು ನಿಲ್ಲಿಸಿದೆ, ಗುರುತಿನ ಕಡತ ಅಳಿಸಿದೆ, ಮತ್ತೆ ಚಾಲು ಮಾಡಿದೆ. ಆರು ನಿಮಿಷದ ಕೆಲಸ. ಪಟ್ಟಿಯಲ್ಲಿ ಎಂಟನೆಯ ಸಾಲು ಮೂಡಿತು. ಒಂದು ಕ್ಷಣ ಕುರ್ಚಿಯಿಂದ ಎದ್ದೇ ನಿಂತೆ, ಅಷ್ಟು ಖುಷಿಯಾಗಿತ್ತು. ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಎಂದು ಯೋಚಿಸಿದರೆ ಮೊದಲು ನೆನಪಾದವನು ಅಣ್ಣ. ಫೋನ್ ಕೈಗೆ ತೆಗೆದುಕೊಂಡು ಹಾಗೆಯೇ ಕೆಳಗಿಟ್ಟೆ.

ಮುಳಬಾಗಿಲು ಆ ದಿನವೇ ಮುಗಿಯಿತು. ಗುರುವಾರ ಶ್ರೀನಿವಾಸಪುರವೂ ಮುಗಿಯಿತು. ಶುಕ್ರವಾರ ಅಲ್ಲಿ ಎರಡು ಸಲ ಕರೆಂಟ್ ಹೋಯಿತು, ಎರಡು ಸಲವೂ ಮಾವು ಮಾವಾಗಿಯೇ ಬಂತು. ಶನಿವಾರ ಮುಖ್ಯಸ್ಥರು ಕರೆದು ಟೀ ತರಿಸಿದರು.

"ನಾಲ್ಕೂ ಕೇಂದ್ರ ನಾಲ್ಕೇ ದಿನದಲ್ಲಿ! ಚೆನ್ನಾಗಿ ಮಾಡಿದ್ರಿ," ಎಂದರು. "ಇನ್ನೊಂದು ಗಮನಿಸಿದ್ರಾ? ನಿಮ್ಮಣ್ಣನ್ನ ಮೇಜಿಂದ ಎಬ್ಬಿಸಿದ ಮೇಲೆ ಒಂದೇ ಒಂದು ಟೊಮೆಟೊ ಚೀಟಿ ಬಂದಿಲ್ಲ. ಬೇಜಾರ್ ಮಾಡ್ಕೋಬೇಡಿ, ಒಳ್ಳೆಯವರೇ. ಎಲ್ಲರಿಗೂ ಕಂಪ್ಯೂಟರ್ ಒಗ್ಗಲ್ಲ."

ಖಾಲಿ ಲೋಟ ಬಾಯಿಗಿಟ್ಟುಕೊಂಡದ್ದು ಆಗಲೇ. ಅವರ ಮೇಜಿನ ಮೇಲೆ ನಾನು ತುಂಬಿಕೊಟ್ಟ ನಮೂನೆ ಇತ್ತು. ಶ್ರೀನಿವಾಸಪುರದ "ಮೂಲ ಕಾರಣ" ಎಂಬ ಸಾಲಿನಲ್ಲಿ "ಹಳೆಯ ಆವೃತ್ತಿ" ಎಂದು ಬರೆದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಹತ್ತನೆಯ ತರಗತಿಯವಳನ್ನು ಸರ್ವರ್ ಕೋಣೆಗೆ ಬಿಟ್ಟದ್ದೇ ತಪ್ಪು ಎನ್ನುತ್ತಾರೆ. ನೋಟ್‌ಬುಕ್ ಕೇಳುತ್ತಾರೆ. ಪ್ರಶ್ನಾರ್ಥಕ ಚಿಹ್ನೆಗಳನ್ನು ಎಣಿಸುತ್ತಾರೆ.

ಮುಂದಿನ ವಾರವೆಲ್ಲ ಕನ್ಸೋಲಿನಲ್ಲಿ ಎಂಟು ಸಾಲುಗಳನ್ನು ನೋಡುತ್ತಾ ಕುಳಿತೆ.

ಭಾನುವಾರ ಊರಿಗೆ ಹೋದೆ. ಅಣ್ಣ ಜಗುಲಿಯ ಮೇಲೆ ಕೂತು ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಕ್ರೇಟಿನ ಅಂಚು ಉಜ್ಜಿ ಎರಡೂ ಕೈಯಲ್ಲಿ ಚರ್ಮ ಎದ್ದಿತ್ತು. ಅತ್ತಿಗೆ ಒಳಗಿಂದ, "ನಿಮ್ ಆಫೀಸಿನ ರಾಣಿ ಬಂದ್ಲು ನೋಡ್ರೀ," ಎಂದಳು. ಯಾವಾಗಲೂ ಹೇಳುವ ಮಾತೇ, ಈ ಸಲ ಅದರಲ್ಲಿ ನಗು ಇರಲಿಲ್ಲ.

"ಹೊಸ ಸಾಫ್ಟ್‌ವೇರ್ ಹಾಕಿದ್ಮೇಲೆ ಟಮೋಟ ಬರ್ತಾನೇ ಇಲ್ವಂತಲ್ಲೇ?" ಎಂದ ಅಣ್ಣ.

"ಇಲ್ಲ."

"ಏನ್ ಮಾಡ್ದೆ?"

"ಹೊಸ ವರ್ಷನ್ನು. ಅಷ್ಟೇ."

ಅವನ ಪಕ್ಕದಲ್ಲಿ ಒಂದು ಹಳೆಯ ಡೈರಿ ಇತ್ತು. ಚೀಟಿ ತಪ್ಪಿದ ದಿನ, ಹೊತ್ತು, ಕರೆಂಟ್ ಹೋದದ್ದು, ಬಂದದ್ದು, ಎಲ್ಲವನ್ನೂ ಅವನ ದಪ್ಪ ಅಕ್ಷರದಲ್ಲಿ ಬರೆದಿದ್ದ. ಅದನ್ನು ತೆರೆದು ನನ್ನ ಮುಂದೆ ಹಿಡಿದ.

"ನಿನ್ನೆಯಿಂದ ಇದನ್ನೇ ಓದ್ತಿದೀನಿ. ಬದಲಿಯೋನು ಕೂತ್ಮೇಲೆ ಒಂದ್ಸಲಾನೂ ಬಂದಿಲ್ಲ ಅಂದ್ರೆ, ನಾನೇ ಏನೋ ಒತ್ತುತಿದ್ದೆ ಅಲ್ವೇನೇ? ಇದೆಲ್ಲ ಬರೆದಿದ್ದು ನನ್ ತಪ್ಪು ಮುಚ್ಕೊಳೋಕೆ ಅನ್ನಿಸ್ತಿದೆ. ಆ ಅಜ್ಜೀದೂ ತೂಕ ನಾನೇ ಕೆಡಿಸಿದ್ನೋ ಏನೋ. ಹೊರಗಿನೋರು ಅಂದಾಗ ನಂಬಿರಲಿಲ್ಲ. ಈಗ ನನಗೇ ಹಂಗನ್ನಿಸ್ತಿದೆ."

ಡೈರಿಯನ್ನು ಒಲೆಗೆ ಹಾಕಲು ಎತ್ತಿಕೊಂಡು ಎದ್ದ. ನಾನು ಕೈಯಿಂದ ಕಿತ್ತುಕೊಂಡೆ.

"ಯಾಕೇ?"

"ನನಗೆ ಬೇಕು," ಎಂದಷ್ಟೇ ಹೇಳಿ ಬ್ಯಾಗಿಗೆ ಹಾಕಿಕೊಂಡೆ. ಆಗಲೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಅದನ್ನು ಮೊದಲಿಂದ ಕೊನೆಯವರೆಗೆ ಓದಿದೆ. ನಾನು ಕನ್ಸೋಲ್ ಇಟ್ಟುಕೊಂಡು ಕಾಣದ್ದನ್ನು ಅವನು ಕಿಟಕಿಯಲ್ಲಿ ಕೂತು ಕಂಡಿದ್ದ. ಕಂಡದ್ದನ್ನು ಅವನೇ ನಂಬದ ಹಾಗೆ ಮಾಡಿದವಳು ನಾನು. ಅವನ ಮೇಜು ಹೋದದ್ದಕ್ಕಿಂತ ಅದು ನನಗೆ ದೊಡ್ಡದಾಗಿ ಕಂಡಿತು. ಮೇಜನ್ನು ಬೇರೆ ಯಾರಾದರೂ ವಾಪಸ್ ಕೊಡಬಹುದು. ಇದನ್ನು ಕೊಡಲು ನನ್ನೊಬ್ಬಳಿಗೇ ಸಾಧ್ಯ.

ಸೋಮವಾರ ಸಂಜೆ ಆಪರೇಟರುಗಳ ಪಟ್ಟಿ ಹೋಗುವುದಿತ್ತು. ಬೆಳಿಗ್ಗೆ ಮುಖ್ಯಸ್ಥರು ಬರುವ ಮೊದಲೇ ಅವರ ಕೋಣೆಯ ಮುಂದೆ ನಿಂತಿದ್ದೆ. ಅವರು ಕುಳಿತ ಕೂಡಲೇ ನೋಟ್‌ಬುಕ್, ಡೈರಿ, ಎರಡು ಗುರುತುಗಳನ್ನು ಬರೆದ ಕಾಗದ, ಮೂರನ್ನೂ ಮೇಜಿನ ಮೇಲಿಟ್ಟೆ.

"ಸಾರ್, ಶ್ರೀನಿವಾಸಪುರದ್ದು ಹಳೆ ಆವೃತ್ತಿಯ ತೊಂದರೆ ಅಲ್ಲ. ಮಿಷನ್ ನಕಲು ಮಾಡಿದಾಗ ನಾನು ಗುರುತು ಬದಲಾಯಿಸಲಿಲ್ಲ. ನಮ್ಮಣ್ಣ ಏನೂ ಒತ್ತಿಲ್ಲ."

ಅವರು ಕಾಗದ ನೋಡಿದರು. ಡೈರಿಯ ಹತ್ತಾರು ಪುಟ ತಿರುವಿದರು. ಒಂದು ಕಡೆ ನಿಂತು, "ಮುಳಬಾಗಿಲಿನವರು ಊಟಕ್ಕೆ," ಎಂದು ಓದಿ ತಲೆಯೆತ್ತಿದರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮುಳಬಾಗಿಲಿಗೆ ಹಾಕಿದ ದಿನ, ಸಾರ್."

"ನಾನು ಟೀ ಕೊಡಿಸಿದಾಗ ಗೊತ್ತಿತ್ತು ಹಾಗಾದ್ರೆ."

"ಗೊತ್ತಿತ್ತು ಸಾರ್."

ಅವರು ಡೈರಿ ಮುಚ್ಚಿದರು. ಆಮೇಲೆ ನಮೂನೆಯನ್ನು ನನ್ನ ಕಡೆ ತಳ್ಳಿದರು. "ಮೂಲ ಕಾರಣ ಮತ್ತೆ ಬರೀರಿ. ಕನ್ನಡದಲ್ಲೇ ಬರೀರಿ, ಪೂರ್ತಿ ಬರೀರಿ. ಒಂದು ತಿಂಗಳು ಕನ್ಸೋಲ್ ಮುಟ್ಟಬೇಡಿ. ಅಷ್ಟರಲ್ಲಿ ಈ ಪ್ರಶ್ನಾರ್ಥಕ ಚಿಹ್ನೆ ಎಲ್ಲಾ ಒಂದೊಂದೇ ನನ್ನ ಹತ್ರ ತನ್ನಿ." ಪಟ್ಟಿ ತೆಗೆದು, ಬದಲಿಯವನ ಹೆಸರನ್ನು ಗೆರೆ ಎಳೆದು ಹೊಡೆದು, ಮೇಲೆ ಅಣ್ಣನ ಹೆಸರು ಬರೆದರು. "ಅವರನ್ನ ಗಾಬರಿಯವರು ಅಂದಿದ್ದು ನಾನು. ಫೋನ್ ಮಾಡ್ತೀನಿ. ಆದರೆ ಮೊದಲು ನೀವು ಹೋಗಿ ಹೇಳಿ."

ಶ್ರೀನಿವಾಸಪುರ ತಲುಪಿದಾಗ ಮೂರು ಗಂಟೆ. ಅಂಗಳದಲ್ಲಿ ತೋತಾಪುರಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅಣ್ಣ ತಲೆಗೆ ಟವೆಲ್ ಕಟ್ಟಿಕೊಂಡು ಕ್ರೇಟ್ ಇಳಿಸುತ್ತಿದ್ದ.

"ಏನೇ, ಸೋಮವಾರ ಬಂದಿದೀಯ? ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲ. ಆ ಕ್ರೇಟ್ ಇಡು."

ಖಾಲಿ ಕ್ರೇಟುಗಳ ಅಟ್ಟಿಯ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ನಕಲು, ಗುರುತು, ಎರಡು ಮನೆಗೊಂದು ಕಾರ್ಡು, ಮುಳಬಾಗಿಲಿನವರ ನಮಸ್ಕಾರ. ಅವನ ಕಣ್ಣು ಅಗಲವಾಗುತ್ತಾ ಹೋಯಿತು.

"ಅಂದ್ರೆ ಅವರು ಎರಡ್ಸಲ ಆನ್ ಮಾಡ್ತಿದ್ರಾ? ಅದಕ್ಕೇ ಅವರಿಗೆ ಗೊತ್ತಾಗ್ತಿರಲಿಲ್ಲ! ನಾನೂ ಎರಡ್ಸಲ ಆನ್ ಮಾಡಿದ್ರೆ ಮಾವು ಬರ್ತಿತ್ತಾ?"

"ಬರ್ತಿತ್ತು."

"ಥೂ! ಅಷ್ಟೇನಾ!" ಎಂದು ತೊಡೆ ತಟ್ಟಿಕೊಂಡು ನಕ್ಕ. "ನಾನ್ ಹೇಳಿದ್ನಲ್ಲೇ ಊಟದ ಕಥೆ! ನೀನು ತೇಗು ಗೀಗು ಅಂತ ಆಡ್ಕೊಂಡೆ. ಹಂಗಾದ್ರೆ ನಾನೇನೂ ಒತ್ತಿಲ್ಲ."

"ನೀನೇನೂ ಒತ್ತಿಲ್ಲ. ಮೇಜಿಗೆ ನಿನ್ನ ಹೆಸರೇ ಬರೆದಿದಾರೆ. ಸಾರ್ ಫೋನ್ ಮಾಡ್ತಾರೆ."

ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

"ಯಾವಾಗ್ ಸಿಕ್ತೇ ಇದು? ಇವತ್ತಾ?" ಎಂದ.

"ಹೋದ ವಾರದ ಹಿಂದಿನ ಬುಧವಾರ."

ನಗು ನಿಧಾನವಾಗಿ ಇಳಿಯಿತು. ಅವನು ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. "ಹಂಗಾದ್ರೆ ನಿನ್ನೆ, ಜಗಲಿ ಮೇಲೆ..."

"ಗೊತ್ತಿತ್ತು."

ಟ್ರ್ಯಾಕ್ಟರಿನವನೊಬ್ಬ ಹಾರ್ನ್ ಹೊಡೆದ. ಅಣ್ಣ ತಿರುಗಿ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ.

"ಅಣ್ಣಾ," ಎಂದೆ, "ಗುರುತು ಬದಲಾಯಿಸದೆ ಬಿಟ್ಟಿದ್ದು ತಿಳೀದೆ ಮಾಡಿದ್ದು. ನೀನು ನಿನ್ನನ್ನೇ ಅನುಮಾನಿಸ್ತಿದ್ದಾಗ ಎದುರಿಗೆ ಕೂತು ಸುಮ್ನಿದ್ದೆನಲ್ಲ, ಅದು ತಿಳಿದೂ ತಿಳಿದೂ ಮಾಡಿದ್ದು. ತಪ್ಪಾಯ್ತು. ಕ್ಷಮಿಸು."